ನಮ್ಮ ಕೊರತೆ ನಮ್ಮ ಕೈಕೆಳಗಿನವರಿಗೆ ಗೊತ್ತಿರುತ್ತದೆ

ಸಂಪಾದಕರಿಗೆ,

ಮಾನ್ಯರೇ,

ಆಸ್ಪತ್ರೆಯೊಂದರ ಸರ್ಜಿಕಲ್ ವಾರ್ಡಿನಲ್ಲಿ ನಾನು 11 ವರ್ಷ ಇನ್‌ಚಾರ್ಜ್ ಸಿಸ್ಟರ್ ಆಗಿದ್ದೆ. ಮೂರು ಶಿಫ್ಟ್ ಸೇರಿ 14 ಜನ ನರ್ಸ್‌ಗಳು ನನ್ನ ಕೈಕೆಳಗಿದ್ದರು. ವರ್ಷಕ್ಕೊಮ್ಮೆ ನಮಗೆ ಒಂದು ಫಾರಂ ಬರುತ್ತಿತ್ತು. ಅದರಲ್ಲಿ ಎರಡು ಖಾಲಿ ಚೌಕ. ಒಂದರ ಮೇಲೆ ‘ನಿಮ್ಮ ಸಾಮರ್ಥ್ಯಗಳು’, ಇನ್ನೊಂದರ ಮೇಲೆ ‘ನಿಮ್ಮ ದೌರ್ಬಲ್ಯಗಳು’. ಮೊದಲನೆಯದರಲ್ಲಿ ಪ್ರತಿ ವರ್ಷವೂ ‘ತುರ್ತು ಸಮಯದಲ್ಲಿ ತಡಮಾಡದೆ ನಿರ್ಧಾರ ತೆಗೆದುಕೊಳ್ಳುತ್ತೇನೆ’ ಅಂತ ಬರೆಯುತ್ತಿದ್ದೆ. ಎರಡನೆಯದರಲ್ಲಿ ‘ಕೆಲಸದ ವಿಷಯದಲ್ಲಿ ಸ್ವಲ್ಪ ಜಾಸ್ತಿ ಕಟ್ಟುನಿಟ್ಟು’. ಯೋಚಿಸಿದರೆ ಎರಡನೆಯದೂ ನನ್ನ ಹೊಗಳಿಕೆಯೇ ಅಲ್ವಾ? ಆದರೆ ಆಗ ಅದು ನನಗೆ ಹೊಳೆದಿರಲಿಲ್ಲ.

ಒಂಬತ್ತನೇ ವರ್ಷ ಕಾಲಿನ ಮೂಳೆ ಮುರಿದು ಆರು ವಾರ ಮನೆಯಲ್ಲಿದ್ದೆ. ಮೊದಲ ವಾರವೇ ಒಂದು ರಾತ್ರಿ ವಾರ್ಡಿನಿಂದ ಒಂಬತ್ತು ಸಲ ಫೋನ್ ಬಂತು. ಯಾರನ್ನು ಯಾವ ಬೆಡ್‌ಗೆ ಹಾಕಲಿ, ಸಿಲಿಂಡರ್ ಕೀ ಎಲ್ಲಿದೆ, ಇಂಥ ಪ್ರಶ್ನೆಗಳೇ ಜಾಸ್ತಿ. ಹೇಳಲು ಸಂಕೋಚವಾಗುತ್ತದೆ, ಆದರೆ ನಿಜ: ಪ್ರತಿ ಫೋನಿಗೂ ಒಳಗೊಳಗೆ ಖುಷಿಯಾಗುತ್ತಿತ್ತು. ನಾನಿಲ್ಲದೆ ವಾರ್ಡ್ ನಡೆಯುವುದಿಲ್ಲ ಅನ್ನುವ ಖುಷಿ.

ಕೊನೆಯ ಕರೆ ಬೇರೆಯದೇ ಆಗಿತ್ತು. ಕೆಲಸಕ್ಕೆ ಸೇರಿ ಎರಡು ವರ್ಷವಾಗಿದ್ದ ಹುಡುಗಿ. ಆ ದಿನ ಮಧ್ಯಾಹ್ನವಷ್ಟೇ ಆಪರೇಷನ್ ಆಗಿದ್ದ ರೋಗಿಯ ನಾಡಿ ಏರುತ್ತಿತ್ತು, ಬಿಪಿ ಇಳಿಯುತ್ತಿತ್ತು. ನಾನು ನಿದ್ದೆಯಲ್ಲಿದ್ದೆ. ಫೋನ್ ಎತ್ತುವಷ್ಟರಲ್ಲಿ ಕಾಲು ಗಂಟೆ ಹೋಗಿತ್ತು. “ಡ್ಯೂಟಿ ಡಾಕ್ಟರಿಗೆ ಹೇಳಿದ್ಯಾ?” ಅಂದೆ. “ಇಲ್ಲ ಮೇಡಂ, ನಿಮ್ಮನ್ನ ಕೇಳ್ಕೊಂಡು ಹೇಳೋಣ ಅಂತ...” ಅಂದಳು. ಒಳಗೆ ರಕ್ತ ಹೋಗುತ್ತಿರಬಹುದು ಅಂತ ಅವಳಿಗೆ ಅನುಮಾನ ಬಂದಿತ್ತು. ಏನು ಮಾಡಬೇಕು ಅನ್ನುವುದೂ ಗೊತ್ತಿತ್ತು. ಆದರೂ ಕಾದಳು. ರೋಗಿಯನ್ನು ಮತ್ತೆ ಥಿಯೇಟರಿಗೆ ಕರೆದೊಯ್ದರು, ಉಳಿದರು. ಆ ಕಾಲು ಗಂಟೆ ಮಾತ್ರ ಇವತ್ತಿಗೂ ನನ್ನ ಮನಸ್ಸಿನಿಂದ ಹೋಗಿಲ್ಲ.

ಕೆಲಸಕ್ಕೆ ಮರಳಿದ ಮೇಲೆ ಒಂದು ಸಂಜೆ ಅವಳನ್ನು ಕೂರಿಸಿಕೊಂಡು, ಅವತ್ತು ಯಾಕೆ ಕಾದೆ ಅಂತ ಕೇಳಿದೆ. “ಹಾಗೇನಿಲ್ಲ ಮೇಡಂ” ಅಂದಳು. ನಾನು ಸುಮ್ನೆ ಕೂತೆ. ಅವಳು ಬಿಪಿ ಕಫ್‌ನ ರಬ್ಬರ್ ಕೊಳವೆಯನ್ನು ಬೆರಳಿಗೆ ಸುತ್ತುವುದು, ಬಿಚ್ಚುವುದು ಮಾಡುತ್ತಿದ್ದಳು. ಆಮೇಲೆ ತಲೆ ಎತ್ತದೆ ಹೇಳಿದಳು: “ಶಿಫ್ಟ್ ಬದಲಾಗೋವಾಗ ಹ್ಯಾಂಡೋವರ್ ಹೇಳೋಕೆ ಶುರು ಮಾಡಿದ್ರೆ ಅರ್ಧಕ್ಕೇ ನೀವೇ ಮುಗಿಸ್ತೀರಿ. ಒಂದ್ಸಲ ನಿಮ್ಮನ್ನ ಕೇಳದೆ ಡಾಕ್ಟರಿಗೆ ಫೋನ್ ಮಾಡಿದ್ದಕ್ಕೆ ಎಲ್ಲರ ಮುಂದೆ ಬೈದ್ರಿ. ಆವತ್ತಿಂದ ಕೇಳಿಯೇ ಮಾಡ್ತೀನಿ.” ಬೈದದ್ದು ನನಗೆ ನೆನಪೇ ಇರಲಿಲ್ಲ. ಮರುದಿನ ಹ್ಯಾಂಡೋವರ್ ಹೊತ್ತಿನಲ್ಲಿ ನನ್ನನ್ನೇ ಗಮನಿಸಿಕೊಂಡೆ. 16 ರೋಗಿಗಳ ವರದಿಯಲ್ಲಿ 11 ಸಲ ನಡುವೆ ಬಾಯಿ ಹಾಕಿದ್ದೆ.

1955ರಲ್ಲಿ ಜೋಸೆಫ್ ಲುಫ್ಟ್, ಹ್ಯಾರಿಂಗ್ಟನ್ ಇಂಗಮ್ ಎಂಬ ಇಬ್ಬರು ಅಮೆರಿಕದ ಮನಶ್ಶಾಸ್ತ್ರಜ್ಞರು ನಾಲ್ಕು ಚೌಕದ ಒಂದು ಕಿಟಕಿಯ ಚಿತ್ರ ಕೊಟ್ಟರು. ಜೋ, ಹ್ಯಾರಿ ಸೇರಿಸಿ ಅದಕ್ಕೆ ‘ಜೊಹಾರಿ ಕಿಟಕಿ’ ಅನ್ನುತ್ತಾರೆ. ಅದರ ಒಂದು ಚೌಕದಲ್ಲಿರುವುದು, ಬೇರೆಯವರಿಗೆಲ್ಲ ಕಾಣುವ, ನಮಗೆ ಮಾತ್ರ ಕಾಣದ ಗುಣಗಳು. ನನ್ನ ಫಾರಂನಲ್ಲಿ ಆ ಚೌಕವೇ ಇರಲಿಲ್ಲ. 14 ಜನರಿಗೆ ಗೊತ್ತಿದ್ದ ಸಂಗತಿ ನನಗೊಬ್ಬಳಿಗೇ ಗೊತ್ತಿರಲಿಲ್ಲ. ನಾನು ಬಲ ಅಂತ ಬರೆಯುತ್ತಿದ್ದದ್ದೇ ನನ್ನ ಕೊರತೆಯೂ ಆಗಿತ್ತು. ಒಬ್ಬರ ಎದೆಬಡಿತ ನಿಂತಾಗ ಬೇಕಾದ ಆ ಚುರುಕನ್ನೇ ನಾನು ದಿನದ 24 ಗಂಟೆಯೂ ಎಲ್ಲರ ಮೇಲೂ ಪ್ರಯೋಗಿಸಿದ್ದೆ.

ಒಬ್ಬರೇ ಕೂತು ನಮ್ಮನ್ನು ನಾವು ಅಳೆದುಕೊಳ್ಳುವುದು ಕಷ್ಟ. 1999ರಲ್ಲಿ ಜಸ್ಟಿನ್ ಕ್ರೂಗರ್ ಮತ್ತು ಡೇವಿಡ್ ಡನಿಂಗ್ ಪ್ರಕಟಿಸಿದ ಅಧ್ಯಯನದಲ್ಲಿ ತರ್ಕ, ವ್ಯಾಕರಣದಂಥ ಪರೀಕ್ಷೆ ಕೊಟ್ಟಿದ್ದರು. ನೂರು ಜನರ ಸಾಲಿನಲ್ಲಿ ಕೆಳಗಿನಿಂದ 12ನೇ ಜಾಗದ ಆಸುಪಾಸಿನಲ್ಲಿದ್ದವರು ತಾವು 62ನೇ ಜಾಗದಲ್ಲಿದ್ದೇವೆ ಅಂದುಕೊಂಡಿದ್ದರು. ಅವರು ಸುಳ್ಳು ಹೇಳಿರಲಿಲ್ಲ, ಹಾಗೇ ನಂಬಿದ್ದರು. ನಾನೂ ನಂಬಿದ್ದೆ.

ಉಳಿದ ಎರಡು ವರ್ಷ ಒಂದು ನೋಟ್‌ಬುಕ್ ಇಟ್ಟೆ. ದೊಡ್ಡ ನಿರ್ಧಾರ ಮಾಡುವಾಗ ಏನಾಗಬಹುದು ಅಂತ ಬರೆದಿಡಿ, ಒಂಬತ್ತು ತಿಂಗಳೋ ವರ್ಷವೋ ಕಳೆದ ಮೇಲೆ ತೆಗೆದು ನೋಡಿ ಅಂತ ಆಡಳಿತ ನಿರ್ವಹಣೆಯ ಬಗ್ಗೆ ಬರೆದ ಪೀಟರ್ ಡ್ರಕರ್ ಹೇಳಿದ್ದರು. ಹಾಗೇ ಮಾಡಿದೆ. ರಜೆ, ಡ್ಯೂಟಿ ರೋಸ್ಟರ್, ಸ್ಟಾಕ್ ಬಗ್ಗೆ ಬರೆದದ್ದೆಲ್ಲ ಹೆಚ್ಚುಕಡಿಮೆ ಸರಿಯಿತ್ತು. ಜನರ ಬಗ್ಗೆ ಬರೆದದ್ದು ತಪ್ಪಿತ್ತು. ಇಬ್ಬರ ಹೆಸರಿನ ಮುಂದೆ ‘ನೈಟ್ ಒಬ್ಬರೇ ನಿಭಾಯಿಸಲಾರರು’ ಅಂತ ಬರೆದಿದ್ದೆ. ಇಬ್ಬರೂ ಚೆನ್ನಾಗಿ ನಿಭಾಯಿಸಿದರು. ಅದನ್ನು ಅವರಿಬ್ಬರಿಗೂ ಹೇಳಿದೆ.

ಹ್ಯಾಂಡೋವರ್ ಕ್ರಮವನ್ನೂ ಬದಲಾಯಿಸಿದೆ. ವಿಶ್ವ ಆರೋಗ್ಯ ಸಂಸ್ಥೆ 2008ರಲ್ಲಿ ತಂದ ಶಸ್ತ್ರಚಿಕಿತ್ಸೆಯ ಚೆಕ್‌ಲಿಸ್ಟ್‌ನಲ್ಲಿ ಚರ್ಮ ಕೊಯ್ಯುವ ಮೊದಲು ತಂಡದ ಪ್ರತಿಯೊಬ್ಬರೂ ತಮ್ಮ ಹೆಸರು, ಕೆಲಸ ಹೇಳಬೇಕು ಅಂತಿದೆ. ಒಮ್ಮೆ ಬಾಯಿ ಬಿಟ್ಟವರಿಗೆ ಮುಂದೆ ಅಪಾಯ ಕಂಡಾಗ ಹೇಳಲು ಅಷ್ಟು ಅಳುಕಿರುವುದಿಲ್ಲ. ನಮ್ಮಲ್ಲಿ ಎಲ್ಲರಿಗಿಂತ ಕಿರಿಯವರು ಮೊದಲು ಮಾತಾಡಬೇಕು, ನಾನು ಕೊನೆಗೆ, ಅಂತ ಮಾಡಿದೆ. ಅವರು ಮುಗಿಸುವ ತನಕ ಪೆನ್ನಿಗೆ ಮುಚ್ಚಳ ಹಾಕಿ ಮೇಜಿನ ಮೇಲೆ ಇಡುತ್ತಿದ್ದೆ. ಮೊದಲ ತಿಂಗಳು ತುಂಬಾ ಕಷ್ಟವಾಯಿತು. ಆ ಹುಡುಗಿ ನಾಲ್ಕನೇ ವಾರ ನನ್ನ ಒಂದು ಸೂಚನೆಯನ್ನು “ಬೇಡ ಮೇಡಂ, ಅವರ ಕಿಡ್ನಿ ರಿಪೋರ್ಟ್ ಸರಿಯಿಲ್ಲ” ಅಂತ ತಡೆದಳು. ಅವಳು ಹೇಳಿದ್ದೇ ಸರಿಯಿತ್ತು.

ಈ ಪತ್ರ ಬರೆಯಲು ಕಾರಣ ಆ ಫಾರಂ. ಎಷ್ಟೋ ಕಡೆ ಅದೇ ಕಾಗದದ ಮೇಲೆ ಬಡ್ತಿಯೂ ನಿಂತಿರುತ್ತದೆ. ಹೊಟ್ಟೆಪಾಡಿನ ಕಾಗದದಲ್ಲಿ ಯಾರು ತಾನೇ ನಿಜ ಬರೆಯುತ್ತಾರೆ? ಆಸ್ಪತ್ರೆ, ಶಾಲೆ, ಕಚೇರಿ ಎಲ್ಲಿಯಾದರೂ ಸರಿ, ಫಾರಂ ರೂಪಿಸುವವರು ದಯವಿಟ್ಟು ಇವೆರಡನ್ನೂ ಬೇರೆ ಮಾಡಿ. ಕೈಕೆಳಗಿನವರಿಂದಲೂ ಹೆಸರಿಲ್ಲದೆ ಬರೆಸಿ. ಇಬ್ಬರು ಮೂವರಿಂದ ಬರೆಸಿದರೆ ಯಾರು ಬರೆದರು ಅಂತ ಗೊತ್ತಾಗಿಬಿಡುತ್ತದೆ, ಇಡೀ ತಂಡದಿಂದ ಬರೆಸಿ. ‘ದೌರ್ಬಲ್ಯ’ ಅಂತ ಒಂದು ಪದ ಕೇಳುವ ಬದಲು, ನಿಮ್ಮಿಂದ ಕೆಲಸ ಕೆಟ್ಟ ಒಂದು ದಿನದ ಬಗ್ಗೆ ಬರೆಯಿರಿ ಅಂತ ಕೇಳಿ.

ನನ್ನ ಕೊನೆಯ ವರ್ಷದ ಫಾರಂನಲ್ಲಿ ನಾನು ಆ ರಾತ್ರಿಯ ಕಾಲು ಗಂಟೆಯ ಬಗ್ಗೆ ಬರೆದೆ. ಚೌಕದಲ್ಲಿ ಜಾಗ ಸಾಲದೆ ಹಿಂದಿನ ಪುಟಕ್ಕೂ ಹೋಯಿತು. ಮೇಲಿನವರು ಓದಿ, “ಇದು ದಾಖಲೆಯಲ್ಲಿ ಉಳಿಯುತ್ತೆ ಸಿಸ್ಟರ್, ಬೇರೆ ಬರೆದು ಕೊಡಿ” ಅಂದರು. ಅವರು ನನ್ನ ಒಳ್ಳೆಯದಕ್ಕೇ ಹೇಳಿದ್ದು. ಇರಲಿ ಬಿಡಿ ಅಂದು ಅದನ್ನೇ ಕೊಟ್ಟು ಬಂದೆ.

ಇಂತಿ,
ನಿವೃತ್ತ ಇನ್‌ಚಾರ್ಜ್ ಸಿಸ್ಟರ್