ಬಚ್ಚಲಿನ ಫರ್ಸಿಗೆ ಆ್ಯಸಿಡ್ ಬೇಡ

ಮಾನ್ಯರೆ,

ಮನೆಯವರು ಊರಿಂದ ಬರುವಷ್ಟರಲ್ಲಿ ಹಳೆ ಬಚ್ಚಲಿಗೆ ಹೊಸ ಕಳೆ ಕೊಟ್ಟು ಬೆರಗುಗೊಳಿಸಲು ಹೊರಟವರು ಮೊದಲು ಹಿಡಿಯುವುದೇ ಆ್ಯಸಿಡ್ ಬಾಟಲಿ. ದಯವಿಟ್ಟು ಬೇಡ. ನಮ್ಮ ಶಹಾಬಾದ್ ಫರ್ಸಿ, ಅಂದರೆ ನೆಲಕ್ಕೆ ಹಾಸುವ ಕಲ್ಲು, ಸುಣ್ಣಕಲ್ಲು. ಆ್ಯಸಿಡ್ ಬಿದ್ದೊಡನೆ ಬುಸುಬುಸು ನೊರೆಯೆದ್ದು ಹೊಳಪು ಹೋಗುತ್ತದೆ. ಮೈ ಒರಟಾಗಿ ಇನ್ನಷ್ಟು ಕೊಳೆ ಹಿಡಿಯುತ್ತದೆ. ಸೋಪಿನ ನೀರು, ನೈಲಾನ್ ಬ್ರಷ್ ಸಾಕು. ಬೋರ್‌ವೆಲ್ ನೀರಿನ ಬಿಳಿ ಪದರವನ್ನು ಪ್ಲಾಸ್ಟಿಕ್ ಪಟ್ಟಿಯಿಂದ ಮೆಲ್ಲಗೆ ಕೆರೆಯಿರಿ.

ಕಲ್ಲುಗಳ ಸಂದಿನ ಹಳೆ ಸಿಮೆಂಟಿನ ಮೇಲೆಯೇ ಗ್ರೌಟ್ (ಸಂದು ತುಂಬುವ ಗಾರೆ) ಬಳಿದರೆ ಹಿಡಿತ ಸಿಗದೆ ಎದ್ದುಬರುತ್ತದೆ. ಆಳದ ಮೂರರಲ್ಲಿ ಎರಡು ಭಾಗ ಕೆರೆದು, ಧೂಳು ತೆಗೆದು ಒತ್ತಿ ತುಂಬಿ. 24 ಗಂಟೆ ನೀರು ಸೋಕಿಸಬೇಡಿ. ನೆಲ, ಗೋಡೆ ಕೂಡುವ ಮೂಲೆಗೆ ಮಾತ್ರ ಸಿಲಿಕೋನ್ (ರಬ್ಬರಿನಂತೆ ಬಾಗುವ ಅಂಟು) ಹಾಕಿ, ಅಲ್ಲಿ ಗ್ರೌಟ್ ಬಿರಿಯುತ್ತದೆ.

ಅಂಗಡಿಯವರೂ ಆ್ಯಸಿಡ್ ಕೊಡುವ ಮುನ್ನ ನೆಲ ಯಾವುದೆಂದು ಕೇಳಲಿ.

– ಓದುಗರು, ಕಲಬುರಗಿ