ಆ ಉಳಿದಿಬ್ಬರು ಯಾರು?

ಅವ್ವಾ, ಮಗಳೇ,

ಸಿಮೆಂಟಿನವರ ಗಣಿಯಲ್ಲಿ ರಾತ್ರಿ ಪಾಳಿಗೆ ಒಪ್ಪಿಗೆ ಪತ್ರ ಬರೆದುಕೊಟ್ಟೆ ಅಂದೆಯಲ್ಲ, ಆಗ ಫೋನಿನಲ್ಲಿ ನನ್ನ ಮಾತು ಜಾಸ್ತಿಯಾಯಿತು. ನಿಮ್ಮವ್ವ ಇನ್ನೂ ನನ್ನ ಜೊತೆ ಸರಿಯಾಗಿ ಮಾತಾಡುತ್ತಿಲ್ಲ.

2019ರಲ್ಲೇ ಕಾನೂನು ಬದಲಾಗಿದೆ, ತೆರೆದ ಗಣಿಯಲ್ಲಿ ಹೆಂಗಸರೂ ರಾತ್ರಿ ದುಡಿಯಬಹುದು, ಪಾಳಿಗೆ ಕನಿಷ್ಠ ಮೂವರು ಹೆಂಗಸರಿರಬೇಕು ಅಂದೆ ನೀನು. ಸರಿ. ಆ ಉಳಿದಿಬ್ಬರು ಯಾರು? ಹೆಸರು, ನಂಬರ್ ಕಳಿಸು.

ಶಹಾಬಾದಿನ ನಮ್ಮ ಖಣಿಯಲ್ಲಿ ಹೊತ್ತು ಮುಳುಗಿದ ಮೇಲೆ ಯಾರೂ ನಿಲ್ಲುತ್ತಿರಲಿಲ್ಲ. ಕಲ್ಲು ತೆಗೆದ ಗುಂಡಿಗಳನ್ನು ಮುಚ್ಚಿದವರೂ ಇಲ್ಲ. ಮಳೆನೀರು ನಿಂತರೆ ಕತ್ತಲಲ್ಲಿ ನೆಲ ಯಾವುದು, ನೀರು ಯಾವುದು ತಿಳಿಯುವುದಿಲ್ಲ. ನಿನ್ನ ಸೋದರತ್ತೆಯ ವಿಷಯ ಬರೆಯುವುದಿಲ್ಲ, ನಿನಗೆ ಗೊತ್ತು. ಆ ಅಂಚು ಮಾತ್ರ ನನ್ನ ಕಣ್ಣಿಂದ ಹೋಗುವುದಿಲ್ಲ. ಪರ್ಸಿ ಅಂದರೆ ನೆಲಕ್ಕೆ ಹಾಸುವ ನಮ್ಮ ಸುಣ್ಣದಕಲ್ಲು, ಪದರ ಪದರವಾಗಿ ಏಳುವ ಕಲ್ಲಲ್ವಾ, ಅಂಚು ನೆಟ್ಟಗೆ ಇಳಿಯುತ್ತದೆ. ಮೇಲೆ ಕರಿಮಣ್ಣು. ಮಳೆಗಾಲದಲ್ಲಿ ಅದು ಕಾಲಡಿಯಿಂದಲೇ ಜಾರುತ್ತದೆ. ಹಗಲಲ್ಲೂ ನಾನು ಎರಡು ಮಾರು ದೂರ ನಡೆಯುತ್ತೇನೆ. ನಿಮ್ಮಲ್ಲಿ ದೀಪ ಇದೆ, ಬೇಲಿ ಇದೆ ಅಂತೀಯ. ದೀಪದ ಬೆಳಕು ಮುಗಿಯುವ ಕಡೆ ಏನಿದೆ? ಮೊದಲು ಹಗಲಲ್ಲಿ ಹೋಗಿ ನೋಡಿ ಬಾ. ಅಂಚಿನ ಕಡೆ ಬೆನ್ನು ಮಾಡಿ ನಿಲ್ಲಬೇಡ. ಯಾರು ಕರೆದರೂ ಹಿಂದೆ ಹಿಂದೆ ಸರಿಯಬೇಡ.

ಇನ್ನು ಸಿಡಿಮದ್ದು. ನಾವು ಅದನ್ನು ಮುಟ್ಟಿದವರಲ್ಲ. ಮದ್ದಿಟ್ಟರೆ ಪರ್ಸಿ ಚೂರಾಗುತ್ತದೆ. ಚಾಣದಿಂದ ಗೆರೆ ಕಡಿದು, ಪದರದ ಸಂದಿಗೆ ಹಾರೆ ಹಾಕಿ ಎಬ್ಬಿಸಬೇಕು. ಬಡಿದರೆ ಠಣ್ ಅನ್ನಬೇಕು, ಇಲ್ಲದಿದ್ದರೆ ಒಳಗೆ ಬಿರುಕಿದೆ ಅಂತ. ಸಿಮೆಂಟಿನವರಿಗೆ ಬೇಕಾದದ್ದೇ ಚೂರು, ಅದಕ್ಕೆ ಅವರಿಗೆ ಮದ್ದು. ಸೈರನ್ ಆದ ಮೇಲೆ ಫೋನ್ ಬಿಟ್ಟುಬಂದೆ ಅಂತ ವಾಪಸ್ ಹೋಗಬೇಡ. ಇದನ್ನೆಲ್ಲ ಪರೀಕ್ಷೆಯಲ್ಲಿ ಬರೆದು ಧನಬಾದಿನ ಗಣಿ ಸುರಕ್ಷತಾ ಕಚೇರಿಯ ಸರ್ಟಿಫಿಕೇಟ್ ತಂದವಳಿಗೆ ನಾನು ಹೇಳುತ್ತಿದ್ದೇನೆ ನೋಡು.

ಅದರ ಜೆರಾಕ್ಸ್ ನನ್ನ ಜೇಬಿನಲ್ಲೇ ಇದೆ. ಚಹಾದಂಗಡಿಯಲ್ಲಿ ಎಲ್ಲರಿಗೂ ತೋರಿಸಿದ್ದಾಯಿತು. ನಿಜಾಮರ ಕಾಲದಲ್ಲಿ ನಮ್ಮ ತಾತ ಎಬ್ಬಿಸಿದ ಪರ್ಸಿ ರೈಲು ಹತ್ತಿ ಮುಂಬೈಗೆ ಹೋಯಿತು, ಅಲ್ಲಿನ ಚಾಳುಗಳಿಗೆ ನೆಲವಾಯಿತು. ಅಷ್ಟೇ ಯಾಕೆ, ನಮ್ಮ ಕಲಬುರಗಿ ಜಿಲ್ಲೆಯ ಸನ್ನತಿ ಪಕ್ಕದ ಕನಗನಹಳ್ಳಿ ಸ್ತೂಪದಲ್ಲಿ ಅಶೋಕನನ್ನು ಹೆಸರು ಬರೆದು ಕೆತ್ತಿದ್ದೂ ಸುಣ್ಣದಕಲ್ಲಿನ ಮೇಲೆಯೇ. ಹೆಂಗಸರು ಖಣಿಯಲ್ಲಿ ಚೂರು ಎತ್ತಿದರು, ಕಲ್ಲು ಹೊತ್ತರು. ನಿಮ್ಮವ್ವನೂ ಹೊತ್ತಳು, ಟೈಲ್ಸ್ ಬಂದು ನಮ್ಮ ಕೆಲಸ ನಿಲ್ಲುವ ತನಕ. ಗಣಿಗಿಳಿದು ಹೀಗೆ ಮಾಡಿ ಅಂತ ಗಂಡಸರಿಗೆ ಹೇಳುವ ಹೆಂಗಸನ್ನು ಮಾತ್ರ ನಾನು ನೋಡಿರಲಿಲ್ಲ.

ನಿಮ್ಮವ್ವ ಖಡಕ್ ರೊಟ್ಟಿ, ಶೇಂಗಾ ಚಟ್ನಿ ಕಳಿಸುತ್ತಿದ್ದಾಳೆ, ಮೂವರಿಗೆ ಆಗುವಷ್ಟು. ನಾನು ದಿನಾ ಫೋನ್ ಮಾಡಿ ಕಾಡುವುದಿಲ್ಲ. ಪಾಳಿ ಮುಗಿದ ಮೇಲೆ ನೀನೇ ಒಂದು ಮಿಸ್ಡ್ ಕಾಲ್ ಕೊಡು. ಎಷ್ಟು ಹೊತ್ತಾದರೂ ಸರಿ, ನಾನು ಎದ್ದಿರುತ್ತೇನೆ.

ನಿನ್ನ ಅಪ್ಪ