ಜನವರಿ 26ರ ಪಟ್ಟಿ ಓದಿದೆ, ಪುಟ್ಟಿ

ಬಸವನಗುಡಿ, ಬೆಂಗಳೂರು

ಪ್ರೀತಿಯ ಪುಟ್ಟಿಗೆ ನಿನ್ನ ದೊಡ್ಡಮ್ಮನ ಆಶೀರ್ವಾದಗಳು.

ಇಲ್ಲಿ ನಾವೆಲ್ಲ ಚೆನ್ನಾಗಿದ್ದೇವೆ. ಶಾಲೆಯ ಪ್ರಾರ್ಥನೆಯ ಹೊತ್ತಿನಲ್ಲಿ ಓದುವ ‘ಈ ದಿನದ ವಿಶೇಷ’ಕ್ಕೆ ನೀನು ಬರೆದ ಜನವರಿ 26ರ ಪಟ್ಟಿ ಕೈ ಸೇರಿತು. ಕೆಲಸಕ್ಕೆ ಸೇರಿದ ಮೊದಲ ವರ್ಷವೇ ಈ ಜವಾಬ್ದಾರಿ ನಿನಗೆ ಸಿಕ್ಕಿದ್ದು ನನಗೆ ತುಂಬ ಖುಷಿ. ಮಕ್ಕಳು ಬೆಳಗ್ಗೆ ಶಾಲೆಯಲ್ಲಿ ಕೇಳಿದ್ದನ್ನು ಸಂಜೆ ಮನೆಯಲ್ಲಿ ಹೇಳುತ್ತಾರೆ. ಟೀಚರ್ ಹೇಳಿದರು ಅಂದಮೇಲೆ ಅದು ಅವರ ಪಾಲಿಗೆ ಸತ್ಯ. ಅದಕ್ಕೇ ಫೋನಿನಲ್ಲಿ ಹೇಳದೆ ಕೂತು ಬರೆಯುತ್ತಿದ್ದೇನೆ.

ಒಂದೇ ತಾರೀಖಿನ ಸಂಗತಿಗಳನ್ನು ಒಟ್ಟಿಗೆ ಇಡುವಾಗ ಪ್ರತಿ ಸಾಲಿಗೂ ಒಂದು ಪ್ರಶ್ನೆ ಕೇಳು. ಇದನ್ನು ಯಾರಾದರೂ ಬೇಕೆಂದೇ ಆ ದಿನಕ್ಕೆ ಇಟ್ಟರಾ, ಇಲ್ಲ ಇದು ತಾನಾಗಿ ಆ ದಿನ ಆಯಿತಾ? ಲಾಲ್‌ಬಾಗಿನ ಫಲಪುಷ್ಪ ಪ್ರದರ್ಶನ ಪ್ರತಿ ವರ್ಷ ಗಣರಾಜ್ಯೋತ್ಸವದ ಹೊತ್ತಿಗೇ ನಡೆಯುತ್ತದೆ. ಹೂವು ತಾನಾಗಿ ಆ ತಾರೀಖು ನೋಡಿ ಅರಳುವುದಿಲ್ಲ, ತೋಟದವರು ಹಾಗೆ ಬೆಳೆಸುತ್ತಾರೆ. ಗಾಜಿನ ಮನೆ ನೋಡಿ ಬಂದ ನಿನ್ನ ಮಕ್ಕಳಿಗೆ ಇಷ್ಟು ಹೇಳಿದರೆ ಸಾಕು, ವ್ಯತ್ಯಾಸ ತಿಳಿಯುತ್ತದೆ.

ನಿನ್ನ ಪಟ್ಟಿಯಲ್ಲಿ ನನಗೆ ಕಳವಳ ಹುಟ್ಟಿಸಿದ್ದು ಸಂಗೊಳ್ಳಿ ರಾಯಣ್ಣನ ಸಾಲು. ‘ರಾಯಣ್ಣ ಹುಟ್ಟಿದ್ದು ಆಗಸ್ಟ್ 15, ಗಲ್ಲಿಗೇರಿದ್ದು ಜನವರಿ 26, ಅದಕ್ಕೇ ದೇಶ ಈ ಎರಡು ದಿನಗಳನ್ನು ಆರಿಸಿಕೊಂಡಿತು’ ಎಂದು ಬರೆದಿದ್ದೀಯ. ವಾಟ್ಸಾಪ್‌ನಲ್ಲಿ ನನಗೂ ಇದು ಬಂದಿದೆ. ನಂದಗಡದಲ್ಲಿ ಅವನನ್ನು ನೇಣಿಗೆ ಹಾಕಿದ್ದು 1831ರ ಜನವರಿ 26ರಂದು, ನಿಜ. ಅವನ ಜಯಂತಿಯನ್ನು ನಾವು ಆಗಸ್ಟ್ 15ಕ್ಕೆ ಆಚರಿಸುವುದೂ ನಿಜ. ಎರಡನ್ನೂ ಜೊತೆಗಿಟ್ಟು ನೋಡಿದರೆ ಯಾವ ಕನ್ನಡಿಗನಿಗೂ ಮೈ ಜುಮ್ಮೆನ್ನುತ್ತದೆ. ಆದರೆ ಆ ‘ಅದಕ್ಕೇ’ ನಿಜವಲ್ಲ, ಪುಟ್ಟಿ. ಅದನ್ನು ತೆಗೆದುಬಿಡು.

ನಿಜವಾಗಿ ಆದದ್ದು ಹೀಗೆ. 1929ರ ಡಿಸೆಂಬರಿನಲ್ಲಿ ಲಾಹೋರಿನಲ್ಲಿ ಕಾಂಗ್ರೆಸ್ ಅಧಿವೇಶನ ನಡೆಯಿತು. ಜವಾಹರಲಾಲ್ ನೆಹರು ಅಧ್ಯಕ್ಷರು. ಪೂರ್ಣ ಸ್ವರಾಜ್ಯವೇ ಗುರಿ ಎಂದು ಅಲ್ಲಿ ನಿರ್ಣಯ ಆಯಿತು. ಡಿಸೆಂಬರ್ 31ರ ನಡುರಾತ್ರಿ ರಾವಿ ನದಿಯ ದಡದಲ್ಲಿ ಬಾವುಟ ಏರಿತು. ಆಮೇಲೆ ಊರೂರಲ್ಲಿ ಜನ ಒಟ್ಟಿಗೆ ಸೇರಿ ಪ್ರತಿಜ್ಞೆ ಮಾಡಲು ಒಂದು ದಿನ ಬೇಕಾಯಿತು. 1930ರ ಜನವರಿಯ ಕೊನೆಯ ಭಾನುವಾರ ಎಂದು ಗೊತ್ತು ಮಾಡಿದರು. ಆ ಭಾನುವಾರ 26ನೇ ತಾರೀಖು ಆಗಿತ್ತು, ಅಷ್ಟೇ. ಅಲ್ಲಿಂದ ಮುಂದೆ 1947ರವರೆಗೂ ನಮ್ಮವರು ವರ್ಷ ವರ್ಷ ಸ್ವಾತಂತ್ರ್ಯ ದಿನ ಎಂದು ಆಚರಿಸುತ್ತಿದ್ದದ್ದು ಜನವರಿ 26ನ್ನೇ. ಸಭೆ ಸೇರಿದ್ದಕ್ಕೆ, ಬಾವುಟ ಹಿಡಿದದ್ದಕ್ಕೆ ಲಾಠಿ ಏಟು ತಿಂದವರಿದ್ದಾರೆ, ಜೈಲಿಗೆ ಹೋದವರಿದ್ದಾರೆ.

ಸ್ವಾತಂತ್ರ್ಯ ಬಂದಾಗ ಮಾತ್ರ ತಾರೀಖು ಬೇರೆಯಾಯಿತು. ಆಗಸ್ಟ್ 15 ಆಗಿನ ವೈಸರಾಯ್ ಮೌಂಟ್‌ಬ್ಯಾಟನ್ ಆರಿಸಿದ ದಿನ. 1945ರಲ್ಲಿ ಜಪಾನ್ ಶರಣಾದದ್ದು ಅದೇ ದಿನ, ಅದಕ್ಕೇ ಅದನ್ನು ಆರಿಸಿದೆ ಎಂದು ಆತ ಆಮೇಲೆ ಹೇಳಿದ. ಹೀಗೆ ನಮ್ಮವರು ಪ್ರತಿಜ್ಞೆ ಮಾಡುತ್ತ ಬಂದ ಜನವರಿ 26 ಖಾಲಿ ಉಳಿಯಿತು. ಸಂವಿಧಾನವನ್ನು ಅಂಗೀಕರಿಸಿದ್ದು 1949ರ ನವೆಂಬರ್ 26ಕ್ಕೆ. ಪೌರತ್ವದಂಥ ಕೆಲವು ವಿಧಿಗಳು ಅವತ್ತೇ ಜಾರಿಗೆ ಬಂದವು. ಉಳಿದದ್ದಕ್ಕೆ ಎರಡು ತಿಂಗಳು ಕಾದು, 1950ರ ಜನವರಿ 26ಕ್ಕೆ ಜಾರಿ ಮಾಡಿದರು. ಆ ಹಳೆಯ ಪ್ರತಿಜ್ಞೆಯ ನೆನಪು ಉಳಿಯಲಿ ಎಂದು ಬೇಕೆಂದೇ ಮಾಡಿದ ಕೆಲಸ ಅದು. ಸಾವಿರಾರು ಸಾಮಾನ್ಯ ಜನರಿಗೆ ಸಲ್ಲಿಸಿದ ಗೌರವ. ‘ಅದಕ್ಕೇ’ ಎಂಬ ಮಾತು ಬರಬೇಕಾದ್ದು ಇಲ್ಲಿ.

ಹಾಗಂತ ರಾಯಣ್ಣನನ್ನು ಪಟ್ಟಿಯಿಂದ ಬಿಡಬೇಡ. ಅವನ ಬಗ್ಗೆ ಇನ್ನೂ ಜಾಸ್ತಿ ಹೇಳು. ನಿನ್ನ ಮಕ್ಕಳು ಮೆಜೆಸ್ಟಿಕ್ ಕಡೆ ಹೋದಾಗಲೆಲ್ಲ ರೈಲ್ವೆ ನಿಲ್ದಾಣದ ಮೇಲೆ ಅವನ ಹೆಸರು ಓದುತ್ತಾರೆ. ಎಷ್ಟು ಮಕ್ಕಳಿಗೆ ಅವನು ಯಾರೆಂದು ಗೊತ್ತು? 1824ರಲ್ಲಿ ಕಿತ್ತೂರಿನ ಕಾಳಗ, ಚೆನ್ನಮ್ಮ ರಾಣಿ ಬೈಲಹೊಂಗಲದಲ್ಲಿ ಸೆರೆಯಲ್ಲಿದ್ದದ್ದು, ಆಮೇಲೆ ರೈತರನ್ನೂ ಊರಿನ ಬಡವರನ್ನೂ ಕಟ್ಟಿಕೊಂಡು ಕಾಡಿನಿಂದ ಕಾಡಿಗೆ ಸರಿಯುತ್ತ ಇವನು ಕಂಪನಿ ಸರ್ಕಾರದ ಕಚೇರಿಗಳನ್ನು ಸುಟ್ಟದ್ದು, ನಮ್ಮವರೇ ಕೆಲವರು ಮೋಸದಿಂದ ಹಿಡಿದುಕೊಟ್ಟದ್ದು, ಇದನ್ನೆಲ್ಲ ಹೇಳು. ಅವನ ದೊಡ್ಡತನಕ್ಕೆ ದೆಹಲಿಯ ತಾರೀಖಿನ ಆಸರೆ ಬೇಕಿಲ್ಲ. ಸುಳ್ಳು ಸೇರಿಸಿ ಹೊಗಳಿದರೆ, ನಾಳೆ ಯಾರೋ ಆ ಸುಳ್ಳನ್ನು ತೋರಿಸಿ ನಿಜವನ್ನೂ ತಳ್ಳಿಹಾಕುತ್ತಾರೆ.

ಸಿಡ್ನಿಯ ಸಾಲನ್ನು ನೀನು ಒಂದೇ ವಾಕ್ಯದಲ್ಲಿ ಮುಗಿಸಿದ್ದೀಯ: ‘1788, ಆಸ್ಟ್ರೇಲಿಯಾ ಸ್ಥಾಪನೆ.’ ಅಲ್ಲಿ ಅವತ್ತು ನೌಕಾಧಿಕಾರಿ ಆರ್ಥರ್ ಫಿಲಿಪ್ ಬ್ರಿಟಿಷ್ ಬಾವುಟ ನೆಟ್ಟ. ಆದರೆ ಆ ನೆಲದಲ್ಲಿ ಸಾವಿರಾರು ವರ್ಷಗಳಿಂದ ಜನ ಇದ್ದರು, ಅಲ್ವಾ? ಅದಕ್ಕೆ 150 ವರ್ಷ ತುಂಬಿದ 1938ರ ಜನವರಿ 26ರಂದು ಬಿಳಿಯರು ಹಬ್ಬ ಮಾಡುವಾಗ, ಅಲ್ಲಿನ ಮೂಲನಿವಾಸಿಗಳು ಸಿಡ್ನಿಯಲ್ಲೇ ಸಭೆ ಸೇರಿ ಶೋಕದಿನ ಆಚರಿಸಿದರು. ಅದೇ ದಿನ ಇಲ್ಲಿ ನಮ್ಮವರು ಸ್ವರಾಜ್ಯದ ಪ್ರತಿಜ್ಞೆ ಓದುತ್ತಿದ್ದರು. ಒಬ್ಬರ ಸುದ್ದಿ ಇನ್ನೊಬ್ಬರಿಗೆ ಗೊತ್ತಿತ್ತು ಎಂದು ನಾನು ಹೇಳುತ್ತಿಲ್ಲ. ಆದರೂ ಎರಡನ್ನೂ ಒಟ್ಟಿಗೆ ಹೇಳು. ಒಂದೇ ತಾರೀಖು ಒಬ್ಬರಿಗೆ ಹಬ್ಬ, ಇನ್ನೊಬ್ಬರಿಗೆ ಗಾಯ ಆಗಬಹುದು ಎಂದು ಮಕ್ಕಳಿಗೆ ತಿಳಿಯಲಿ.

ನಮ್ಮ ದೇಶದಲ್ಲೂ ಹಾಗೆ ಆಗಿದೆ. ಕೇಂದ್ರದ ಆಡಳಿತ ಭಾಷೆ ಹಿಂದಿ, ಹದಿನೈದು ವರ್ಷಗಳವರೆಗೆ ಇಂಗ್ಲಿಷೂ ಮುಂದುವರಿಯಲಿ ಎಂದು ಸಂವಿಧಾನದ 343ನೇ ವಿಧಿಯಲ್ಲಿತ್ತು. ಗಡುವು ಮುಗಿದದ್ದು 1965ರ ಜನವರಿ 26ಕ್ಕೆ. ಮದ್ರಾಸ್ ರಾಜ್ಯದಲ್ಲಿ ಅದನ್ನು ಶೋಕದಿನವಾಗಿ ಆಚರಿಸಲು ಡಿಎಂಕೆ ಪಕ್ಷ ಕರೆ ಕೊಟ್ಟಿತು. ವಿದ್ಯಾರ್ಥಿಗಳು ಬೀದಿಗಿಳಿದರು, ಜೀವಗಳು ಹೋದವು. ಇದು ದೊಡ್ಡ ಮಕ್ಕಳಿಗೆ ಹೇಳುವ ವಿಷಯ.

ಇನ್ನು ಭೂಕಂಪಗಳು. 2001ರ ಗುಜರಾತಿನ ಭುಜ್ ಮತ್ತು 1700ರ ಅಮೆರಿಕದ ಪಶ್ಚಿಮ ಕರಾವಳಿ, ಎರಡೂ ಜನವರಿ 26. ‘ಈ ದಿನಕ್ಕೂ ಭೂಮಿಗೂ ಏನೋ ನಂಟಿದೆ’ ಎಂಬ ಸಾಲು ಬೇಡವೇ ಬೇಡ. ಭೂಮಿಗೆ ನಮ್ಮ ಕ್ಯಾಲೆಂಡರ್ ಗೊತ್ತಿಲ್ಲ. 1700ರದ್ದು ಆ ತಾರೀಖಿನದು ಎಂದು ತಿಳಿದ ಬಗೆಯೇ ಎಷ್ಟು ಸೊಗಸಾಗಿದೆ ನೋಡು. ಆ ಕರಾವಳಿಯಲ್ಲಿ ಆಗ ಬರೆದಿಟ್ಟ ದಾಖಲೆಯೇ ಇರಲಿಲ್ಲ. ಆದರೆ ಜಪಾನಿನ ಊರುಗಳಲ್ಲಿ ನೆಲ ನಡುಗದೆಯೇ ಸಮುದ್ರ ಉಕ್ಕಿ ಬಂತು. ಗೆನ್ರೊಕು ಎಂಬ ತಮ್ಮ ಶಕೆಯ 12ನೇ ವರ್ಷ, 12ನೇ ತಿಂಗಳು, 8ನೇ ದಿನ ಎಂದು ಅಲ್ಲಿನವರು ಬರೆದಿಟ್ಟರು. 1996ರಲ್ಲಿ ವಿಜ್ಞಾನಿಗಳು ಅಲೆ ಸಾಗರ ದಾಟಿ ಬರಲು ಹಿಡಿದ ಗಂಟೆಗಳನ್ನು ಹಿಂದಕ್ಕೆ ಎಣಿಸಿ, ಮೂಲ ಕಂಪನ ಜನವರಿ 26ರ ರಾತ್ರಿ ಸುಮಾರು 9ಕ್ಕೆ ಎಂದು ಕಂಡುಕೊಂಡರು. ಅಮೆರಿಕದ ಆ ಕರಾವಳಿಯಲ್ಲಿ ಒಣಗಿ ನಿಂತ ಸೀಡರ್ ಮರಗಳ ಉಂಗುರಗಳೂ ಅದೇ ಕಾಲ ತೋರಿಸಿದವು. ಲಂಡನ್ನಿನ ಕ್ಯಾಲೆಂಡರಿನಲ್ಲಿ ಅದು ಆಗ ಜನವರಿ 16. ಅವರು ಈಗಿನ ಲೆಕ್ಕಕ್ಕೆ ಬಂದದ್ದು 1752ರಲ್ಲಿ. ಹಾಗಾಗಿ ಹಳೆಯ ತಾರೀಖು ಕಂಡಾಗೆಲ್ಲ, ಯಾರ ಕ್ಯಾಲೆಂಡರ್ ಎಂದು ಕೇಳು.

ಭುಜ್ ವಿಷಯ ಬೇರೆ. ಕಂಪನ ಆದದ್ದು ಬೆಳಗ್ಗೆ 8:46ಕ್ಕೆ. ತಾರೀಖು ತಾನಾಗಿ ಕೂಡಿಬಂದದ್ದು. ಆದರೆ ಭುಜ್ ಹತ್ತಿರದ ಅಂಜಾರ್ ಪಟ್ಟಣದಲ್ಲಿ ಶಾಲಾ ಮಕ್ಕಳು ಗಣರಾಜ್ಯೋತ್ಸವದ ಮೆರವಣಿಗೆಯಲ್ಲಿ ಇಕ್ಕಟ್ಟಾದ ಬೀದಿಯಲ್ಲಿ ನಡೆಯುತ್ತಿದ್ದರು. ಎರಡೂ ಬದಿಯ ಕಟ್ಟಡಗಳು ಮೇಲೆ ಬಿದ್ದವು. ಅವತ್ತು ಆ ತಾರೀಖು ಆಗಿದ್ದಕ್ಕೇ ಆ ಮಕ್ಕಳು, ಅವರ ಟೀಚರುಗಳು ಆ ಬೀದಿಯಲ್ಲಿದ್ದರು. ಇದನ್ನು ‘ವಿಶೇಷ’ ಎಂಬ ತಲೆಬರಹದಡಿ ಗಡಿಬಿಡಿಯಲ್ಲಿ ಓದಿಸಬೇಡ. ಓದುವ ಹುಡುಗಿಗೆ ನಿಧಾನವಾಗಿ ಓದಲು ಹೇಳು.

ಸಂಶೋಧಕ ಬೇರ್ಡ್ 1926ರಲ್ಲಿ ಟೆಲಿವಿಷನ್ ತೋರಿಸಿದ ಸಾಲು ಸರಿಯಾಗಿದೆ, ಆದರೆ ಇಲ್ಲಿ ಬೇಡ. ವಿಜ್ಞಾನ ದಿನಕ್ಕೆ ಇಟ್ಟುಕೋ. ಜಪಾನಿನ ಅಲೆಯ ಕಥೆಯನ್ನು ಒಂಬತ್ತನೇ ತರಗತಿಯ ಭೂಗೋಳ ಪಾಠದಲ್ಲಿ ಪೂರ್ತಿ ಹೇಳು. ಜನವರಿ 26ರ ಬೆಳಗ್ಗೆಗೆ 1831, 1930, 1950 ಇಷ್ಟೇ ಸಾಕು, ಜೊತೆಗೆ ಅಂಜಾರ್. ಬಿಸಿಲಿನಲ್ಲಿ ನಿಂತ ಮಕ್ಕಳಿಗೆ ಅದಕ್ಕಿಂತ ಜಾಸ್ತಿ ಬೇಡ. 1930ರ ಪ್ರತಿಜ್ಞೆಯನ್ನು ಕನ್ನಡದಲ್ಲಿ ಸರಳವಾಗಿ ಬರೆದುಕೊಡುತ್ತೇನೆ, ಒಬ್ಬ ಹುಡುಗನ ಕೈಲಿ ಓದಿಸು. ತಿದ್ದಿದ ಪಟ್ಟಿಯನ್ನು ಶನಿವಾರದೊಳಗೆ ಕಳಿಸಿದರೆ ಇನ್ನೊಮ್ಮೆ ನೋಡುತ್ತೇನೆ. ಅಮ್ಮನಿಗೆ ಫೋನ್ ಮಾಡಲು ಹೇಳು.

ನಿನ್ನ ಪ್ರೀತಿಯ
ದೊಡ್ಡಮ್ಮ